ಗೋವಾ ದಾರಿಯ ನಾಲ್ಕು ಮನೆಗಳು

ಹೈದರಾಬಾದಿನ ನಾರಾಯಣಗೂಡದ ನಮ್ಮ ಮನೆಯಿಂದ ಬೆಳಗಿನ ಜಾವ ಕಾರು ಹೊರಟರೆ ರಾತ್ರಿ ಊಟದ ಹೊತ್ತಿಗೆ ಗೋವಾ ಸಿಗಬೇಕು. ನಕಾಶೆ ಹಾಗೆ ಹೇಳುತ್ತದೆ. ನಕಾಶೆ ಬರೆದವರಿಗೆ ನಮ್ಮ ಬೀಗರು ಬಿಜ್ಜರ ಪರಿಚಯವಿಲ್ಲ. ನಾವು ಮೂರು ಸಲ ಹೀಗೆ ಹೊರಟಿದ್ದೇವೆ, ಮೂರು ಸಲವೂ ಗೋವಾ ಮುಟ್ಟಿಲ್ಲ. ಕಾರು ಕೆಟ್ಟಿಲ್ಲ, ದಾರಿ ತಪ್ಪಿಲ್ಲ, ಯಾರಿಗೂ ಜ್ವರ ಬಂದಿಲ್ಲ. ದಾರಿಯಲ್ಲಿ ಹುಮನಾಬಾದ್, ಕಲಬುರಗಿ, ವಿಜಯಪುರ, ಬೆಳಗಾವಿ ಬರುತ್ತವೆ, ನಾಲ್ಕರಲ್ಲೂ ಗಂಡನ ಕಡೆಯವರ ಮನೆಗಳಿವೆ. ಅಷ್ಟೇ ಕಾರಣ.

ನಮ್ಮ ಕಡೆ ಒಬ್ಬರ ಊರನ್ನು ಹಾದು ಹೋಗಿ ಅವರ ಮನೆಗೆ ಹೋಗದಿದ್ದರೆ ಅದು ಸಣ್ಣ ಅಪರಾಧವಲ್ಲ. ವಿಜಯಪುರದಲ್ಲಿರುವ ನನ್ನ ಗಂಡನ ಸೋದರಮಾವ ತಮ್ಮ ಖಾಸಾ ಷಡ್ಡಕನ ಜೊತೆ ಹನ್ನೊಂದು ವರ್ಷದಿಂದ ಮಾತು ಬಿಟ್ಟಿದ್ದಾರೆ. ಆ ಷಡ್ಡಕ ಹೊರಟಿದ್ದ ಬಸ್ಸು ವಿಜಯಪುರದ ನಿಲ್ದಾಣದಲ್ಲಿ ಇಪ್ಪತ್ತು ನಿಮಿಷ ನಿಂತಿತ್ತಂತೆ. ಆತ ಕೆಳಗಿಳಿದು ಚಹಾ ಕುಡಿದು ಮತ್ತೆ ಹತ್ತಿದನಂತೆ. ಯಾರೋ ನೋಡಿದರು, ಬಂದು ಹೇಳಿದರು. "ಚಾ ಕುಡ್ಯಾಕ ಅವಗ ಬಸ್‌ಸ್ಟ್ಯಾಂಡ್ ಬೇಕಾತು, ನಮ್ಮನಿ ಬ್ಯಾಡಾತು" ಎಂದು ಆ ಸೋದರಮಾವ ಇಂದಿಗೂ ಮದುವೆ ಮನೆಗಳಲ್ಲಿ ಹೇಳುತ್ತಾರೆ. ಕೇಳಿದವರೆಲ್ಲ ಷಡ್ಡಕನದೇ ತಪ್ಪು ಎನ್ನುತ್ತಾರೆ.

ಮೊದಲ ಸಲ ಹೊರಟಾಗ ನನ್ನ ಮಗಳಿಗೆ ನಾಲ್ಕು ವರ್ಷ. ಮಾವ, ಅಂದರೆ ನನ್ನ ಗಂಡನ ತಂದೆ, ಇನ್ನೂ ಇದ್ದರು. ಹುಮನಾಬಾದಿನಲ್ಲಿ ಉಪ್ಪಿಟ್ಟು ತಿಂದೆವು. ಕಲಬುರಗಿಯಲ್ಲಿ ಅತ್ತೆಯ ತಂಗಿ, ನನ್ನ ಗಂಡ ಚಿಗವ್ವ ಎಂದು ಕರೆಯುವಾಕೆ, ಹೂರಣ ರುಬ್ಬಿಕೊಂಡು ಕೂತಿದ್ದಳು. ಅರ್ಧ ಗಂಟೆ ಎಂದು ಇಳಿದವರು ಮರುದಿನ ಮಧ್ಯಾಹ್ನ ಎದ್ದೆವು. ವಿಜಯಪುರದಲ್ಲಿ ಒಂದು ನಿಶ್ಚಿತಾರ್ಥ ನಡೆಯುತ್ತಿತ್ತು, ನಮ್ಮನ್ನು ನೋಡಿದ ಕೂಡಲೇ ನನ್ನ ಕೈಗೆ ಬದನೆಕಾಯಿ ಮತ್ತು ಈಳಿಗೆ ಕೊಟ್ಟರು. ಬೆಳಗಾವಿಯಲ್ಲಿ ನಾದಿನಿಯ ಮನೆ. ಅಲ್ಲಿ ಕೂತು ಬೆರಳು ಮಡಚಿ ಲೆಕ್ಕ ಹಾಕಿದರೆ ರಜೆ ಉಳಿದಿದ್ದು ಒಂದು ದಿನ, ಅದು ವಾಪಸು ಬರಲಿಕ್ಕೆ. ನಾದಿನಿಯ ಗಂಡ ಸಮಾಧಾನಕ್ಕೆಂದು ನಮ್ಮನ್ನು ಒಂದು ಕೆರೆಗೆ ಕರೆದುಕೊಂಡು ಹೋದರು. "ನೀರು ನೀರೇ ಅಲ್ಲೇನ್ರಿ" ಎಂದರು. ನಾನು ಆ ಕೆರೆಗೆ ಬೆನ್ನು ತಿರುಗಿಸಿ ನಿಂತೆ.

ಪ್ರತಿ ಮನೆಯಿಂದ ಹೊರಡುವಾಗ ಸೊಸೆಗೆ ಉಡಿ ತುಂಬುವುದಿರುತ್ತದೆ. ಬರಿಗೈಯಲ್ಲಿ ಕಳಿಸುವಂತಿಲ್ಲ. ಮಣೆಯ ಮೇಲೆ ಕೂರಿಸಿ, ಸೆರಗು ಚಾಚಲು ಹೇಳಿ, ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅಡಿಕೆ, ಅರಿಶಿನದ ಬೇರು, ಮೇಲೊಂದು ಕುಪ್ಪಸದ ಖಣ. ಅದಕ್ಕೊಂದು ಮುಕ್ಕಾಲು ಗಂಟೆ, ಯಾಕೆಂದರೆ ಖಣ ಹುಡುಕಲು ಟ್ರಂಕು ತೆಗೆಯಬೇಕು, ಟ್ರಂಕು ತೆಗೆದರೆ ಹಳೆಯ ಸೀರೆಗಳ ಕತೆ ಶುರುವಾಗಬೇಕು. ಮಾವ ತೀರಿಕೊಂಡ ಮೇಲಿನ ಎರಡು ಪ್ರಯಾಣಗಳಲ್ಲಿ ಅತ್ತೆ ಈ ಹೊತ್ತಿಗೆ ಸರಿಯಾಗಿ ಎದ್ದು ಹೋಗಿ ಕಾರಿನಲ್ಲಿ ಕೂರತೊಡಗಿದ್ದರು. ಬರೀ ಕೂತರೆ ಪರವಾಗಿಲ್ಲ. ಹಿಂದಿನ ಸೀಟಿನಿಂದ ಮುಂದಕ್ಕೆ ಬಾಗಿ ಹಾರ್ನ್ ಒತ್ತುತ್ತಿದ್ದರು. ಒಳಗೆ ನನ್ನ ಹಣೆಗೆ ಕುಂಕುಮ, ಹೊರಗೆ ಪೇಂ ಪೇಂ. ಮುಂದಿನ ಮನೆಯ ಹೋಳಿಗೆಗೆ ಈ ಮುದುಕಿಗೆ ಎಷ್ಟು ಅವಸರ ನೋಡು ಎಂದು ನಾನು ಮಣೆಯ ಮೇಲೆ ಕೂತೇ ಬೈದುಕೊಳ್ಳುತ್ತಿದ್ದೆ. ಗೋವಾ ತಪ್ಪಿದ್ದಕ್ಕೆಲ್ಲ ಅತ್ತೆಯೇ ಕಾರಣ ಎಂಬ ತೀರ್ಮಾನ ನನ್ನ ಮನಸ್ಸಿನಲ್ಲಿ ಎಂದೋ ಗಟ್ಟಿಯಾಗಿತ್ತು. ನೆಂಟರು ಅವರ ಕಡೆಯವರೇ ತಾನೆ.

ಹೋದ ಚಳಿಗಾಲ ಮತ್ತೆ ಗೋವಾದ ಮಾತು ಬಂತು. ಮಾದಾಪುರದ ಒಂದು ಆಫೀಸಿನಲ್ಲಿ ಕೆಲಸ ಮಾಡುವ ಮಗಳು ಸಂಕ್ರಾಂತಿ ಆದ ಮೇಲೆ ಎರಡು ದಿನ ರಜೆ ಗಿಟ್ಟಿಸಿದ್ದಳು, ಶನಿವಾರ ಭಾನುವಾರ ಸೇರಿ ನಾಲ್ಕು. ನಾನು ಕಾಲೇಜಿನಲ್ಲಿ ಗಣಿತ ಕಲಿಸುತ್ತೇನೆ, ನಾಲ್ಕು ದಿನದಲ್ಲಿ ನಾಲ್ಕು ಮನೆ ಕಳೆದರೆ ಎಷ್ಟು ಉಳಿಯುತ್ತದೆ ಎಂಬುದು ನನಗೆ ಬರುತ್ತದೆ. "ಈ ಸಲ ವಿಮಾನ" ಎಂದೆ. ಗಂಡ ಹೊಸ ಕಾರು ತೆಗೆದುಕೊಂಡು ಮೂರು ತಿಂಗಳಾಗಿತ್ತು. ಸಿಕಂದರಾಬಾದಿನ ಆಫೀಸಿಗೆ ಮೆಟ್ರೋದಲ್ಲಿ ಹೋಗಿ ಬರುತ್ತಿದ್ದರು, ಕಾರಿಗೆ ಗೀರು ಬೀಳಬಾರದು ನೋಡಿ. ಅವರ ಮುಖ ಇಳಿಯಿತು.

"ವಿಮಾನದಾಗ ಏನೈತಿ? ಮ್ಯಾಲ ಹೋಗೂದು, ಕೆಳಗ ಬರೂದು" ಎಂದರು. "ಇಲ್ಲಿಂದ ಶಂಶಾಬಾದ್ ಏರ್‌ಪೋರ್ಟಿಗೆ ಎರಡು ತಾಸು. ಅಲ್ಲಿ ಲೈನಿನ್ಯಾಗ ಎರಡು ತಾಸು. ಹಾರೂದು ಒಂದೂಕಾಲು ತಾಸು. ಇದಕ್ಕ ಪ್ರಯಾಣ ಅಂತಾರೇನು? ಕಾರಿನ್ಯಾಗಾದ್ರ ಬುತ್ತಿ ಕಟ್ಕೊಂಡು, ಗಿಡದ ನೆಳ್ಳಿಗೆ ನಿಂತು, ರೊಟ್ಟಿ ತಿಂದು..."

"ಆ ಗಿಡ ಯಾರ ಮನಿ ಅಂಗಳದಾಗ ಐತಿ ಅಂತ ನಂಗೊತ್ತೈತ್ರಿ" ಎಂದೆ.

ಮಗಳು ನನ್ನ ಪಕ್ಷ. "ಅಪ್ಪಾ, ಹೋದ ಸಲ ಬೆಳಗಾವ್ಯಾಗ ಅತ್ತಿ ಮನಿ ಕಿಟಕಿ ಒರಸಿ ಬಂದೀನಿ ನಾ. ವೆಕೇಷನ್ ಅಂದ್ರ ಅದಾ?" ಹಾಗೆ ನಾವು ಇಬ್ಬರು, ಗಂಡ ಒಬ್ಬರೇ. ಆದರೆ ನಮ್ಮ ಮನೆಯಲ್ಲಿ ಅತ್ತೆಯ ಒಂದು ಮತಕ್ಕೆ ಮೂರರ ತೂಕ, ಮತ್ತು ಅವರು ಬಾಯಿ ಬಿಟ್ಟಿರಲಿಲ್ಲ. ತೊಗರಿಬೇಳೆ ಆರಿಸುತ್ತ ಕೂತಿದ್ದರು. "ವಿಚಾರ ಮಾಡ್ತೀನಿ" ಎಂದರು.

ನನಗೆ ಬೇಕಾಗಿದ್ದು ಏನು ಎಂದು ನೇರವಾಗಿಯೇ ಹೇಳಿಬಿಡುತ್ತೇನೆ. ಸಮುದ್ರ ಬೇಕಿತ್ತು, ಸುಳ್ಳಲ್ಲ. ಅದಕ್ಕಿಂತ ಹೆಚ್ಚಾಗಿ, ನಾಲ್ಕು ದಿನ ನಾನು ಯಾರ ಸೊಸೆ ಎಂದು ಯಾರಿಗೂ ಗೊತ್ತಿಲ್ಲದ ಕಡೆ ಕಾಲು ಚಾಚಿ ಕೂರಬೇಕಿತ್ತು. ಮದುವೆಯಾದಂದಿನಿಂದ ನಾನು ಹೋದ ಪ್ರತಿ ಊರಿನಲ್ಲೂ ಒಂದು ಅಡುಗೆಮನೆ ನನಗಾಗಿ ಕಾಯುತ್ತಿತ್ತು. ಈ ಸಲವೂ ಬೆಳಗಾವಿಯ ಕೆರೆಯೇ ಗತಿಯಾದರೆ ಮತ್ತೆ ಎಂದೂ ಹೊರಡುವುದಿಲ್ಲ ಎಂದು ಒಳಗೊಳಗೇ ಪಣ ತೊಟ್ಟಿದ್ದೆ.

ಆ ವಾರ ಮನೆಯಲ್ಲಿ ಚುನಾವಣೆಯ ಪ್ರಚಾರ ನಡೆಯಿತು. ಗಂಡ ದಿನವೂ ಸಂಜೆ ತಾಯಿಯನ್ನು ಕಾರಿನಲ್ಲಿ ಗುಡಿಗೆ ಕರೆದುಕೊಂಡು ಹೋದರು. ಬೆನ್ನಿಗೆ ದಿಂಬು ಕೊಟ್ಟರು, ಸೀಟು ಹಿಂದೆ ಮುಂದೆ ಮಾಡಿ ತೋರಿಸಿದರು, ಏಸಿಯ ಗಾಳಿ ಮೊಣಕಾಲಿಗೆ ಬೀಳದಂತೆ ತಿರುಗಿಸಿದರು. ಐವತ್ತು ವರ್ಷದಲ್ಲಿ ತಾಯಿಯ ಮೊಣಕಾಲನ್ನು ಅವರು ಗಮನಿಸಿದ್ದು ಆಗಲೇ ಮೊದಲು. ನಾನೇನು ಕಡಿಮೆಯೇ? ಅತ್ತೆಗೆ ಇಷ್ಟವೆಂದು ಮೂರು ದಿನ ಪುಂಡಿಪಲ್ಯ ಮಾಡಿದೆ. ಫೋನಿನಲ್ಲಿ ವಿಡಿಯೋ ತೋರಿಸಿ, "ನೋಡ್ರಿ ಅತ್ತ್ಯಾರ, ವಿಮಾನ ನಿಲ್ದಾಣದಾಗ ನಿಮ್ಮನ್ನ ಕುರ್ಚಿ ಮ್ಯಾಲ ಕುಂದ್ರಿಸಿ ತಳಕೊಂಡು ಹೋಗ್ತಾರ" ಎಂದೆ.

"ಯಾಕ? ನನ್ನ ಕಾಲಿಗೆ ಏನಾಗೇತಿ?" ಎಂದು ಅತ್ತೆ ಎದ್ದು ಹೋದರು. ಮೂರು ದಿನದ ಪುಂಡಿಪಲ್ಯ ನೀರಿನಲ್ಲಿ ಹೋಮವಾಯಿತು.

ಭಾನುವಾರ ಬೆಳಿಗ್ಗೆ ತಿಂಡಿ ತಿನ್ನುತ್ತಿದ್ದಾಗ ಅತ್ತೆಯ ಫೋನು ಗಣಗಣಿಸಿತು. ಕಲಬುರಗಿಯ ಚಿಗವ್ವ. ಅತ್ತೆಗೆ ಕಿವಿ ಸ್ವಲ್ಪ ಮಂದ, ಫೋನು ಯಾವಾಗಲೂ ಸ್ಪೀಕರಿನಲ್ಲೇ ಇರುತ್ತದೆ.

"ಅಕ್ಕಾ, ಶುಕ್ರವಾರ ಎಷ್ಟೊತ್ತಿಗೆ ಬರಾಕತ್ತೀರಿ? ಶೇಂಗಾ ಹುರದು ಇಟ್ಟೀನಿ. ಹುಮನಾಬಾದಿಗೂ ಫೋನ್ ಮಾಡ್ಯಾನಂತ, ವಿಜಯಪುರಕ್ಕೂ ಮಾಡ್ಯಾನಂತ ನಿನ್ನ ಮಗ. ಭಾಳ ಖುಷಿ ಆತು ನೋಡು."

ನಾನು ಗಂಡನ ಕಡೆ ತಿರುಗಿದೆ. ಅವರು ದೋಸೆಯನ್ನು ಬಹಳ ಗಮನವಿಟ್ಟು ನೋಡುತ್ತಿದ್ದರು. ನಾಲ್ಕು ಮನೆಗೂ ಬರುತ್ತೇವೆ ಎಂದು ಮಾತು ಕೊಟ್ಟು ಕೂತಿದ್ದರು ಪುಣ್ಯಾತ್ಮರು! ಬರುತ್ತೇವೆ ಎಂದ ಮೇಲೆ ಬರದಿದ್ದರೆ ಬಸ್‌ಸ್ಟ್ಯಾಂಡಿನ ಷಡ್ಡಕನಿಗಿಂತ ನಮ್ಮ ಗತಿ ಕಡೆ ಎಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ನನಗೆ ಬಂದ ಸಿಟ್ಟಿಗೆ ಕೈಯಲ್ಲಿದ್ದ ಸೌಟನ್ನು ಹಿಟ್ಟಿನ ಪಾತ್ರೆಗೆ ಕುಕ್ಕಿದೆ. ಗೋವಾ ನಾಲ್ಕನೆಯ ಸಲ ಕೈಬಿಟ್ಟು ಹೋಗುವುದು ಕಣ್ಣೆದುರೇ ಕಾಣುತ್ತಿತ್ತು, ಮತ್ತು ಅಳು ಬರುವ ಹಾಗಿತ್ತು. ದೋಸೆ ಹಾಕುತ್ತ ಅತ್ತರೆ ಚೆನ್ನಾಗಿರುವುದಿಲ್ಲ ಎಂದು ತಡೆದುಕೊಂಡೆ.

ಅತ್ತೆ ಫೋನನ್ನು ಬಾಯಿಯ ಹತ್ತಿರ ತಂದುಕೊಂಡರು.

"ನಾವು ಬರಂಗಿಲ್ಲವಾ. ವಿಮಾನದಾಗ ಹೊಂಟೀವಿ."

"ಅವ್ವಾ!" ಎಂದರು ನನ್ನ ಗಂಡ.

ಆ ಕಡೆಯಿಂದ ಚಿಗವ್ವ, "ನಮ್ಮೂರಾಗೂ ವಿಮಾನ ಇಳಿತಾವ, ಗೊತ್ತೈತಿಲ್ಲೋ?" ಎಂದಳು.

"ಗೊತ್ತೈತಿ. ನಾವು ಹತ್ತಿದ್ದು ಇಳಿಯಂಗಿಲ್ಲ" ಎಂದು ಅತ್ತೆ ಫೋನು ಕೆಳಗಿಟ್ಟರು. ತಾಟಿನಲ್ಲಿ ಉಳಿದ ದೋಸೆ ಮುರಿದು ಚಟ್ನಿಗೆ ಅದ್ದಿದರು.

ಗಂಡನಿಗೆ ತಡೆಯಲಾಗಲಿಲ್ಲ. "ನಿನ್ನ ಸಲುವಾಗೇ ಅಲ್ಲೇನವಾ ನಾ ಎಲ್ಲಾರಿಗೂ ಫೋನ್ ಮಾಡಿದ್ದು? ನಿನ್ನ ತಂಗಿ, ನಿನ್ನ ತಮ್ಮ..."

"ನನ್ನ ಸಲುವಾಗಿ ಅಂತೀಯಲ್ಲ, ನನ್ನ ಕೇಳಿದ್ಯಾ?" ಎಂದರು ಅತ್ತೆ. ದನಿ ಏರಿಸಲಿಲ್ಲ. "ಹದಿನಾರಕ್ಕ ಮದುವಿ ಆತು. ಅವತ್ತಿಂದ ಎಲ್ಲಿ ಹೋದ್ರೂ ಯಾರದರೆ ಮನಿ. ಯಾರ ಮಗಳು, ಯಾರ ಹೆಂಡ್ತಿ, ಯಾರ ಅವ್ವ. ನಿಮ್ಮಪ್ಪ ಹೋದ ಮ್ಯಾಲ ಇನ್ನೊಂದು ಸೇರೇತಿ. ಇಕಿಗೆ ಉಡಿ ತುಂಬುವಾಗ ನಾ ಎಲ್ಲಿರ್ತೀನಿ?"

"ಕಾರಿನ್ಯಾಗ" ಎಂದಳು ಮಗಳು.

"ಯಾಕ?"

ಗಂಡ ಇಲ್ಲದ ಹೆಂಗಸು ಉಡಿ ತುಂಬುವ ಕೋಣೆಯಲ್ಲಿ ನಿಂತರೆ ಯಾರೂ ಹೊರಗೆ ಹೋಗು ಎನ್ನುವುದಿಲ್ಲ. ಎಲ್ಲರೂ ಸುಮ್ಮನಾಗುತ್ತಾರೆ, ಉಡಿಯ ತಟ್ಟೆ ಹಿಡಿದವಳು ಆಕೆ ಹೋಗುವ ತನಕ ತಟ್ಟೆ ಹಿಡಿದೇ ನಿಲ್ಲುತ್ತಾಳೆ, ಅಷ್ಟೇ. ಸ್ವಂತ ತಂಗಿಯ ಮನೆಯಲ್ಲೂ ಹಾಗೇ. ಇದು ನನಗೆ ಗೊತ್ತಿರಲಿಲ್ಲವೆಂದು ಹೇಳಿದರೆ ಸುಳ್ಳಾಗುತ್ತದೆ. ಗೊತ್ತಿತ್ತು, ಆದರೆ ಮಣೆಯ ಮೇಲೆ ಕೂತಿದ್ದವಳು ನಾನು. ಹೊರಗಿನ ಆ ಹಾರ್ನಿಗೂ ಒಳಗಿನ ಈ ತಟ್ಟೆಗೂ ನಾನು ಎಂದೂ ಗಂಟು ಹಾಕಿರಲಿಲ್ಲ. ಹೋಳಿಗೆಯ ಆಸೆ ಎಂದುಕೊಂಡಿದ್ದೆನಲ್ಲ! ನನಗೆ ಬಹಳ ನಾಚಿಕೆಯಾಯಿತು. ಒಲೆಯ ಮೇಲಿನ ದೋಸೆ ಸೀದು ಹೋಯಿತು.

"ನಮ್ಮವರು ಒಬ್ಬರೂ ಇರಲಾರದ ಊರು ಒಂದರೆ ನೋಡಬೇಕು ನಾ" ಎಂದರು ಅತ್ತೆ. "ಟಿಕೀಟ್ ತಗಿಸು."

ಮಗಳು ಅಲ್ಲೇ ಕೂತು ಫೋನಿನಲ್ಲಿ ನಾಲ್ಕು ಟಿಕೀಟು ತೆಗೆದಳು. ಗಂಡ ಎದ್ದು ಹೋಗಿ ಕಾರು ತೊಳೆದರು.

ನಾವು ಮನೆಗಳಿಗೆ ಹೋಗದಿದ್ದರೆ ಮನೆಗಳೇ ನಮ್ಮ ಹತ್ತಿರ ಬರುತ್ತವೆ ಎಂದು ಮಾತ್ರ ಯಾರೂ ಎಣಿಸಿರಲಿಲ್ಲ. ಗುರುವಾರದ ಹೊತ್ತಿಗೆ ನಾಲ್ಕೂ ಊರಿನ ಬಸ್ಸಿನಿಂದ ನಾಲ್ಕು ಗಂಟು ಬಂದಿಳಿದವು. ಹೊರಟ ಸೊಸೆಯನ್ನು ಉಡಿ ಇಲ್ಲದೆ ಕಳಿಸುವುದು ಹೇಗೆ ಎಂದು ಚಿಗವ್ವ ಎಲ್ಲರಿಗೂ ಸುದ್ದಿ ಮುಟ್ಟಿಸಿದ್ದಳು. ಸಿಟ್ಟು ಬೇರೆ, ಶಾಸ್ತ್ರ ಬೇರೆ. ಗಂಟಿಗೆ ಐದರಂತೆ ಇಪ್ಪತ್ತು ಕೊಬ್ಬರಿ ಬಟ್ಟಲು, ಜೊತೆಗೆ ಅಕ್ಕಿ, ಉತ್ತತ್ತಿ, ಖಣ, ಶೇಂಗಾ ಹೋಳಿಗೆ. ಉಡಿಯ ಸಾಮಾನನ್ನು ಎಸೆಯುವಂತಿಲ್ಲ, ಚಪ್ಪಲಿ ಇಟ್ಟ ಪೆಟ್ಟಿಗೆಗೆ ಹಾಕುವಂತಿಲ್ಲ. ಅಕ್ಕಿ ಮನೆಯಲ್ಲಿ ಉಳಿಯಿತು, ಉಳಿದದ್ದೆಲ್ಲ ನನ್ನ ಹೆಗಲ ಚೀಲಕ್ಕೆ ಬಂತು.

ಶಂಶಾಬಾದಿನಲ್ಲಿ ಆ ಚೀಲ ಯಂತ್ರದೊಳಗೆ ಹೋಗಿ ಹೊರಗೆ ಬರಲೇ ಇಲ್ಲ. ಪರದೆಯ ಮುಂದೆ ಕೂತಿದ್ದವನು ಇನ್ನೊಬ್ಬನನ್ನು ಕರೆದ, ಇಬ್ಬರೂ ಸೇರಿ ಇಪ್ಪತ್ತು ಗುಂಡನೆಯ ವಸ್ತುಗಳನ್ನು ನೋಡಿದರು. ಸಮವಸ್ತ್ರದ ಒಬ್ಬ ಹೆಂಗಸು ಬಂದು ಚೀಲ ಬಿಚ್ಚಿಸಿದಳು. ಒಣಕೊಬ್ಬರಿಯಲ್ಲಿ ಎಣ್ಣೆ ಇರುತ್ತದೆ, ಬೆಂಕಿ ಹತ್ತುತ್ತದೆ, ಕೈಯಲ್ಲೂ ಒಯ್ಯುವಂತಿಲ್ಲ, ಪೆಟ್ಟಿಗೆಯಲ್ಲೂ ಹಾಕುವಂತಿಲ್ಲ ಎಂದು ಹಿಂದಿಯಲ್ಲಿ ಹೇಳಿ ಮೂಲೆಯ ಕಸದ ಡಬ್ಬಿ ತೋರಿಸಿದಳು. ಗಂಡನ ಮುಖದಲ್ಲಿ ಒಂದು ವಾರದ ನಂತರ ನಗು ಕಂಡಿತು. "ಕಾರಿನ್ಯಾಗ ಯಾರೂ ಕೊಬ್ಬರಿ ಚೆಕ್ ಮಾಡಂಗಿಲ್ಲ" ಎಂದರು. ಇಂಥ ಮಾತನ್ನು ಅವರು ಎಂದೂ ಬಾಯಲ್ಲಿ ಇಟ್ಟುಕೊಂಡವರಲ್ಲ.

ಉಡಿಯ ಕೊಬ್ಬರಿ ಕಸದ ಡಬ್ಬಿಗೆ! ನಾನು ಏನು ಮಾಡುವುದೆಂದು ತಿಳಿಯದೆ ನಿಂತಿದ್ದೆ. ಅತ್ತೆ ಚೀಲ ಇಸಿದುಕೊಂಡು ಅಲ್ಲೇ ಬದಿಯ ಬೆಂಚಿನ ಮೇಲೆ ಕೂತರು. ಒಂದು ಬಟ್ಟಲು ತೆಗೆದು ಬೆಂಚಿನ ಕಬ್ಬಿಣದ ಅಂಚಿಗೆ ಕುಟ್ಟಿ ಒಡೆದರು. "ತಿನ್ರಿ" ಎಂದರು ನಮಗೆ. ಬಾಯಿ ತುಂಬ ಕೊಬ್ಬರಿ ಅಗಿಯುತ್ತ ನಾವು ನಾಲ್ವರು ಎಷ್ಟು ತಿಂದೇವು? ಉಳಿದವನ್ನು ಒಂದೊಂದಾಗಿ ಒಡೆದು ಮಗಳ ಕೈಗೆ ಕೊಟ್ಟು ಸಾಲಿನಲ್ಲಿದ್ದವರಿಗೆಲ್ಲ ಹಂಚು ಎಂದರು. ಮಗಳು ಮೊದಲು ನಾಚಿದಳು, ಆಮೇಲೆ ಹೋದಳು. ತೆಲುಗಿನವರು ಪ್ರಸಾದ ಎಂದುಕೊಂಡು ಕಣ್ಣಿಗೆ ಒತ್ತಿಕೊಂಡು ತಿಂದರು. ಯಾರದೋ ಕೂಸು ಇನ್ನೊಂದು ಬೇಕೆಂದು ಕೈಚಾಚಿತು. ಸಮವಸ್ತ್ರದ ಹೆಂಗಸು ಡ್ಯೂಟಿ ಎಂದು ತಲೆಯಾಡಿಸಿದಳು, ಸಾಲು ಕರಗಿದ ಮೇಲೆ ಆಕೆಯೂ ಒಂದು ಚೂರು ಬಾಯಿಗೆ ಹಾಕಿಕೊಂಡಳು.

ಕೊನೆಯ ಬಟ್ಟಲಿನ ದೊಡ್ಡ ಹೋಳನ್ನು ಅತ್ತೆ ತಾವೇ ಇಟ್ಟುಕೊಂಡರು. ನಾನು ನೋಡುತ್ತಿದ್ದುದು ಅವರಿಗೆ ಕಂಡಿತು.

"ಉಡಿ ತುಂಬಿಸ್ಕೊಳ್ಳಾಕ ನನಗ ಬರಂಗಿಲ್ಲ" ಎಂದರು. "ತಿನ್ನಾಕ ಯಾವನ ಅಪ್ಪಣಿ ಬೇಕು?"

ಹಲ್ಲು ಗಟ್ಟಿ ಇವೆ ಅವರದು. ವಿಮಾನ ಮೇಲೇರುವಾಗ ಕಿಟಕಿಯ ಪಕ್ಕ ಕೂತು ಇನ್ನೂ ಅಗಿಯುತ್ತಿದ್ದರು. ಸ್ವಲ್ಪ ಹೊತ್ತಿನ ಮೇಲೆ ಕೆಳಗೆ ಬೆರಳು ಮಾಡಿ, "ಕಲಬುರಗಿ ದಾಟಿತೇನು?" ಎಂದರು. ದಾಟಿರಬೇಕು ಎಂದೆ. ಸೀಟಿಗೆ ಒರಗಿ ಕಣ್ಣು ಮುಚ್ಚಿದರು.

ಸಮುದ್ರದ ಬಗ್ಗೆ ನಾನು ಹೆಚ್ಚು ಹೇಳುವುದಿಲ್ಲ, ನೋಡಿದವರಿಗೆ ಗೊತ್ತಿರುತ್ತದೆ. ಎರಡನೆಯ ದಿನ ಸಂಜೆ ನಾನು, ಅತ್ತೆ ಮರಳಿನಲ್ಲಿ ಕಾಲು ಚಾಚಿ ಕೂತಿದ್ದೆವು. ತೆರೆ ಬಂದು ಪಾದ ತೋಯಿಸಿ ಹೋಗುತ್ತಿತ್ತು. ಅತ್ತೆ ತಲೆಯ ಮೇಲಿನ ಸೆರಗು ಇಳಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದರು. ಇಷ್ಟು ವರ್ಷದಲ್ಲಿ ಅವರ ನೆತ್ತಿಯನ್ನು ನಾನು ಬಿಸಿಲಿನಲ್ಲಿ ನೋಡಿರಲಿಲ್ಲ. ಗಂಡ ಮತ್ತು ಮಗಳು ದೂರದಲ್ಲಿ ಎಳನೀರಿನವನ ಹತ್ತಿರ ನಿಂತಿದ್ದರು.

ಒಬ್ಬ ಹೆಂಗಸು ನಮ್ಮತ್ತ ಬಂದಳು. ನನ್ನಷ್ಟೇ ವಯಸ್ಸು. ಹತ್ತು ಹೆಜ್ಜೆ ದೂರದಿಂದಲೇ ಅವಳ ಕಣ್ಣು ಅತ್ತೆಯ ಇಳಕಲ್ ಸೀರೆಯ ಸೆರಗಿನ ಮೇಲಿತ್ತು.

"ನಮ್ಮ ಕಡೀ ಮಂದಿ ಅದೀರಲ್ಲರಿ?" ಎಂದಳು, ಮುಖವೆಲ್ಲ ಅರಳಿಸಿಕೊಂಡು. "ಯಾವೂರಿನವರು? ಯಾರ ಪೈಕಿ?"

ಯಾರ ಪೈಕಿ ಎಂದ ಮೇಲೆ ಮುಗಿಯಿತು. ಎರಡು ನಿಮಿಷದಲ್ಲಿ ಯಾವುದಾದರೂ ಮದುವೆಯ ಎಳೆ ಸಿಕ್ಕೇ ಸಿಗುತ್ತದೆ, ರಾತ್ರಿಯ ಊಟಕ್ಕೆ ಕರೆ ಬರುತ್ತದೆ, ಹೋಟೆಲಿನ ಕೋಣೆಯಲ್ಲೇ ಆಕೆ ನನಗೆ ಉಡಿ ತುಂಬುತ್ತಾಳೆ. ನಾನು ಸೋತವಳಂತೆ ಬಾಯಿ ತೆರೆದೆ.

ಅತ್ತೆ ನನಗಿಂತ ಮೊದಲು ಉತ್ತರ ಕೊಟ್ಟರು. ಹಾಲಿನವನ ಜೊತೆ, ಆಟೋದವನ ಜೊತೆ ಐವತ್ತು ವರ್ಷ ಆಡಿ ಪಳಗಿದ ಹೈದರಾಬಾದಿನ ಹಿಂದಿಯಲ್ಲಿ, ಆಕೆಯ ಕಣ್ಣಿನಲ್ಲಿ ಕಣ್ಣಿಟ್ಟು ಹೇಳಿದರು.

"ಹಮ್ ಕು ಕನ್ನಡ ನೈ ಆತಾ, ಅಮ್ಮಾ."

ನನ್ನ ಅತ್ತೆ ಸುಳ್ಳು ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಆ ಹೆಂಗಸು ನನ್ನ ಮುಖ ನೋಡಿದಳು. ನಾನೂ ತಲೆಯಾಡಿಸಿದೆ, ನೈ ಆತಾ. ಸೀರೆಯನ್ನು ಇನ್ನೊಮ್ಮೆ ನೋಡಿ, ನಂಬಿಕೆಯಾಗದೆ, ತನ್ನ ಗಂಡನ ಹತ್ತಿರ ವಾಪಸು ಹೋದಳು. ನಮಗೆ ಕನ್ನಡ ಬರುವುದಿಲ್ಲವಲ್ಲ, ಹಾಗಾಗಿ ದನಿ ತಗ್ಗಿಸಲಿಲ್ಲ.

"ನಮ್ಮವರಲ್ಲಂತ್ರಿ. ಮುದುಕಿ ಸೊಕ್ಕು ನೋಡ್ಬೇಕು, ಹೆಂಗ ಕಾಲು ಚಾಚಿ ಕುಂತಾಳ!"

ನಾನು ಅತ್ತೆಯ ಕಡೆ ನೋಡಲು ಹೆದರಿದೆ. ಅವರ ಭುಜ ಅಲುಗುತ್ತಿತ್ತು. ಅಳುತ್ತಿದ್ದಾರೆ ಎಂದುಕೊಂಡೆ. ಬಾಯಿಗೆ ಸೆರಗು ತುರುಕಿಕೊಂಡು ನಗುತ್ತಿದ್ದರು, ಕಣ್ಣಿನಲ್ಲಿ ನೀರು ಬರುವಷ್ಟು.

"ಏನಂದ್ಲು ಆಕಿ?" ಎಂದು ಕೇಳಿದರು. ಮಂದ ಕಿವಿಗೂ ಕೇಳಿಸಿತ್ತೆಂದು ನನಗೆ ಗೊತ್ತು. ಇನ್ನೊಮ್ಮೆ ಕೇಳಬೇಕಿತ್ತು ಅವರಿಗೆ.

"ಸೊಕ್ಕಿನ ಮುದುಕಿ ಅಂದ್ಲ್ರಿ."

"ಮತ್ತ?"

"ನಮ್ಮವರಲ್ಲ ಅಂದ್ಲು."

"ಹೌದಾ?" ಎಂದು ಅತ್ತೆ ಸೀರೆಯನ್ನು ಮೊಣಕಾಲಿನ ತನಕ ಎಳೆದುಕೊಂಡು, ಕಾಲನ್ನು ಇನ್ನಷ್ಟು ಮುಂದಕ್ಕೆ, ನೀರಿನ ಕಡೆಗೆ ಚಾಚಿದರು.